ಅಜ್ಜಿಯ ಕುಟ್ಟಾಣಿ ಮತ್ತು ನಾಲ್ಕನೆಯ ಆಜ್ಞೆ

ನಮ್ಮ ಊರಿನ ಮನೆಯ ಜಗಲಿಯಲ್ಲಿ ಒಂದು ಹಿತ್ತಾಳೆ ಕುಟ್ಟಾಣಿ ಇದೆ. ಒಂದು ಗೇಣು ಎತ್ತರವೂ ಇಲ್ಲ. ಹಲ್ಲೆಲ್ಲ ಉದುರಿದ ಮೇಲೆ ಅಜ್ಜಿ ಅದನ್ನು ಕೈಗೆ ತೆಗೆದುಕೊಂಡಳು. ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಚೂರು ಸೇರಿಸಿ ಕುಟ್ಟುತ್ತಿದ್ದಳು. ಸಂಜೆ ಜಪಸರ ಮುಗಿದ ಕೂಡಲೇ ಆ ಸದ್ದು ಶುರು. ತೋಟದ ಕೆಳಗಿನ ಮನೆಯವರಿಗೂ ಕೇಳುತ್ತಿತ್ತು. ಒಂದು ದಿನ ಕೇಳದಿದ್ದರೆ ‘ಅಜ್ಜಿಗೆ ಹುಷಾರಿಲ್ವಾ’ ಅಂತ ವಿಚಾರಿಸಿಕೊಂಡು ಬರುತ್ತಿದ್ದರು.

ಅಜ್ಜಿ ಹೋಗಿ ಹದಿನೆಂಟು ವರ್ಷ ಆಯಿತು. ಈಗ ಅದೇ ಕುಟ್ಟಾಣಿ ಅಮ್ಮನ ಕೈಯಲ್ಲಿದೆ. ಅಮ್ಮನಿಗೆ ಎಂಬತ್ತೊಂದು. ತಿಂಗಳಿಗೆ ಎರಡು ಸಲ ನಾನು ಶಿವಮೊಗ್ಗದಲ್ಲಿ ಬಸ್ಸು ಹತ್ತಿ, ತೀರ್ಥಹಳ್ಳಿ ದಾಟಿ ಊರಿಗೆ ಹೋಗುತ್ತೇನೆ. ದಾರಿಯುದ್ದಕ್ಕೂ ತಲೆಯಲ್ಲಿ ಒಂದೇ ಪ್ರಶ್ನೆ. ‘ನಿನ್ನ ತಂದೆತಾಯಿಗಳನ್ನು ಸನ್ಮಾನಿಸು’ ಅನ್ನುವ ಆಜ್ಞೆಯನ್ನು ನಾವು ಕ್ರೈಸ್ತರ ಮನೆಯ ಮಕ್ಕಳೆಲ್ಲ ಬಾಯಿಪಾಠ ಮಾಡಿದವರೇ. ಆದರೆ ಅದು ನಿಜವಾಗಿ ಏನು ಮಾಡು ಅನ್ನುತ್ತಿದೆ? ಹಿರಿಯರಿಗೆ ಗೌರವ ಕೊಡಿ ಅಂತ ಎಲ್ಲರೂ ಹೇಳುತ್ತಾರೆ, ಅದನ್ನೇ ಇನ್ನೊಂದು ಸಲ ಬರೆಯಬೇಕಾಗಿಲ್ಲ. ಬೈಬಲಿನಲ್ಲಿ ಇರುವುದು ನಾವು ಅಂದುಕೊಂಡದ್ದಕ್ಕಿಂತ ಸ್ವಲ್ಪ ಬೇರೆಯೇ ಇದೆ. ಕಠಿಣವೂ ಜಾಸ್ತಿ.

ಮೊದಲು ಒಂದು ಸಣ್ಣ ಗೊಂದಲ ಬಗೆಹರಿಸಿಬಿಡೋಣ. ನಾವು ಕಥೋಲಿಕರು ಇದನ್ನು ನಾಲ್ಕನೆಯ ಆಜ್ಞೆ ಅನ್ನುತ್ತೇವೆ. ಸಿಎಸ್‌ಐ ಅನ್ನುವ ಪ್ರೊಟೆಸ್ಟೆಂಟ್ ಸಭೆಯ ಗೆಳೆಯರನ್ನು ಕೇಳಿದರೆ ಐದನೆಯದು ಅನ್ನುತ್ತಾರೆ. ಇಬ್ಬರೂ ಸರಿ. ಬೈಬಲಿನ ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿ ಆಜ್ಞೆಗಳಿಗೆ ನಂಬರ್ ಹಾಕಿಲ್ಲ. ಬೇರೆ ದೇವರು ಬೇಡ, ವಿಗ್ರಹ ಬೇಡ ಅನ್ನುವ ಎರಡು ಮಾತನ್ನು ಒಟ್ಟಿಗೆ ಎಣಿಸಿದರೆ ನಾಲ್ಕು, ಬಿಡಿಸಿ ಎಣಿಸಿದರೆ ಐದು.

ಇನ್ನು, ಇದು ಯಾರಿಗೆ ಹೇಳಿದ ಮಾತು? ನಾವು ಕಲಿತದ್ದು ಎಂಟು ಒಂಬತ್ತನೆಯ ವರ್ಷದಲ್ಲಿ. ಹಾಗಾಗಿ ಅದು ಮಕ್ಕಳ ಆಜ್ಞೆ ಅಂತ ತಲೆಯಲ್ಲಿ ಕೂತುಬಿಟ್ಟಿದೆ. ಅಪ್ಪ ಹೇಳಿದ ಹಾಗೆ ಕೇಳು, ಅಮ್ಮನಿಗೆ ಎದುರು ಮಾತಾಡಬೇಡ, ಮುಗೀತು. ಆದರೆ ಹತ್ತು ಆಜ್ಞೆಗಳನ್ನು ಒಟ್ಟಿಗೆ ಓದಿ ನೋಡಿ. ವ್ಯಭಿಚಾರ ಮಾಡಬೇಡ, ಸುಳ್ಳುಸಾಕ್ಷಿ ಹೇಳಬೇಡ, ಪಕ್ಕದವನ ಹೆಂಡತಿಯ ಮೇಲೂ ಎತ್ತಿನ ಮೇಲೂ ಕಣ್ಣು ಹಾಕಬೇಡ. ಎಂಟು ವರ್ಷದ ಹುಡುಗನಿಗೆ ಹೇಳುವ ಮಾತೇ ಇವು? ಮನೆ, ದನಕರು, ಆಳುಕಾಳು ಇದ್ದ ದೊಡ್ಡವರಿಗೆ ಹೇಳಿದ್ದು. ಅಂದರೆ ನಲವತ್ತು ದಾಟಿದ ಮಗ, ಗುಡಾರದ ಮೂಲೆಯಲ್ಲಿ ಕೈಲಾಗದೆ ಕೂತ ಅವನ ಅಪ್ಪ, ಇವರಿಬ್ಬರ ನಡುವಿನ ಆಜ್ಞೆ ಅದು. ಚಿಕ್ಕ ಮಕ್ಕಳು ಹೆತ್ತವರ ಮಾತು ಕೇಳಬೇಕು ಅಂತ ಪ್ರೇಷಿತ ಪೌಲರು ಎಫೆಸ ಊರಿನ ಕ್ರೈಸ್ತರಿಗೆ ಬರೆದದ್ದು ಹೌದು. ಅದರ ಬೆನ್ನಿಗೇ ಅಪ್ಪಂದಿರಿಗೂ ಒಂದು ಮಾತಿದೆ: ಮಕ್ಕಳನ್ನು ಕೆಣಕಿ ಸಿಟ್ಟಿಗೆಬ್ಬಿಸಬೇಡಿ. ಅದನ್ನು ಯಾಕೋ ಯಾರೂ ಬಾಯಿಪಾಠ ಮಾಡಿಸಲಿಲ್ಲ.

ಹೀಬ್ರೂ ಮೂಲದಲ್ಲಿ ಈ ಆಜ್ಞೆಗೆ ಬಳಸಿದ ಪದ ‘ಕಬೇದ್’. ಅದರ ಬೇರಿನ ಅರ್ಥ ಭಾರ, ತೂಕ. ಅಪ್ಪ ಅಮ್ಮನಿಗೆ ತೂಕ ಕೊಡು ಅಂತ. ಇದಕ್ಕೆ ಎದುರಾದ ಪದ ‘ಕಲಲ್’. ಅದರ ಬೇರಿನ ಅರ್ಥ ಹಗುರ. ಮುಂದಿನ ಅಧ್ಯಾಯದಲ್ಲೇ ತಂದೆತಾಯಿಯನ್ನು ‘ಶಪಿಸುವವನಿಗೆ’ ಕಡುಶಿಕ್ಷೆ ಹೇಳಿದೆಯಲ್ಲ, ಅಲ್ಲಿ ಇರುವುದು ಇದೇ ಪದ. ಬೇರೆ ಭಾಷೆಯವರಿಗೆ ಇದನ್ನು ವಿವರಿಸಲು ಪುಟಗಟ್ಟಲೆ ಬೇಕು. ನಮಗೆ ಬೇಡ. ತೂಕದ ಮನುಷ್ಯ, ತೂಕದ ಮಾತು ಅಂತ ನಾವು ದಿನಾ ಅನ್ನುತ್ತೇವೆ. ‘ನನ್ನನ್ನು ಅಷ್ಟು ಹಗುರವಾಗಿ ಕಾಣಬೇಡ’ ಅಂತ ಜಗಳದಲ್ಲಿ ಬರುತ್ತದೆ. ಈ ಆಜ್ಞೆಗಳನ್ನು ಜನರಿಗೆ ಮುಟ್ಟಿಸಿದ ಮೋಶೆಯ ಮಾತು ನೇರ ನಮ್ಮ ಜಗಲಿಗೇ ಬಂದ ಹಾಗೆ.

ಕನ್ನಡ ಬೈಬಲ್ ಇಲ್ಲಿ ‘ಸನ್ಮಾನಿಸು’ ಅನ್ನುತ್ತದೆ. ಪಾಪ, ಒಳ್ಳೆಯ ಪದವೇ. ಆದರೆ ಈಗ ಸನ್ಮಾನ ಅಂದರೆ ಕಣ್ಣ ಮುಂದೆ ಬರುವುದು ಏನು? ಒಂದು ಶಾಲು, ಗಂಧದ ಹಾರ, ಮೈಸೂರು ಪೇಟ, ಪ್ಲಾಸ್ಟಿಕ್ ಹಾಳೆ ಸುತ್ತಿದ ಹಣ್ಣಿನ ಬುಟ್ಟಿ. ಎರಡು ನಿಮಿಷ, ಒಂದು ಫೋಟೊ. ಆಮೇಲೆ ಸನ್ಮಾನಿತರು ಬುಟ್ಟಿ ಹಿಡಿದುಕೊಂಡು ಆಟೊ ಹುಡುಕುತ್ತಾ ನಿಂತಿರುತ್ತಾರೆ.

ಯೆಹೂದ್ಯ ಗುರುಗಳಿಗೂ ಇದೇ ತಲೆನೋವು ಇತ್ತು ಅಂತ ಕಾಣುತ್ತದೆ. ತೂಕ ಕೊಡು ಅಂದರೆ ಬೆಳಿಗ್ಗೆ ಎದ್ದು ಏನು ಮಾಡಬೇಕು? ತಾಲ್ಮೂದ್ ಅನ್ನುವ ಅವರ ಧರ್ಮಗ್ರಂಥದಲ್ಲಿ ಅದಕ್ಕೆ ಉತ್ತರ ಇದೆ. ಊಟ ಕೊಡುವುದು, ನೀರು ಕೊಡುವುದು, ಬಟ್ಟೆ ಉಡಿಸುವುದು, ಹೊದಿಸುವುದು, ಕೈ ಹಿಡಿದು ಒಳಗೆ ಹೊರಗೆ ಕರೆದುಕೊಂಡು ಹೋಗುವುದು. ಅಷ್ಟೇ. ಭಾವನೆಯ ಒಂದು ಮಾತೂ ಇಲ್ಲ. ಯಾಜಕಕಾಂಡದಲ್ಲಿ ‘ತಾಯಿಗೂ ತಂದೆಗೂ ಭಯಭಕ್ತಿ ತೋರಿಸು’ ಅಂತ ಇನ್ನೊಂದು ಮಾತಿದೆ. ಅಲ್ಲಿ ತಾಯಿಯನ್ನೇ ಮೊದಲು ಹೇಳಿದೆ, ಗಮನಿಸಿ. ಅದಕ್ಕೂ ಗುರುಗಳು ಇಷ್ಟೇ ಸೀದಾ ಅರ್ಥ ಕೊಟ್ಟರು: ಅವರು ಕೂರುವ ಜಾಗದಲ್ಲಿ ಕೂರಬೇಡ, ಅವರ ಮಾತನ್ನು ಅಲ್ಲಗಳೆಯಬೇಡ. ನಮ್ಮ ಅಜ್ಜನ ಆರಾಮಕುರ್ಚಿ ನೆನಪಾಯಿತು. ಅಜ್ಜ ತೋಟಕ್ಕೆ ಹೋಗಿದ್ದರೂ ಅದರಲ್ಲಿ ಯಾರೂ ಕೂರುತ್ತಿರಲಿಲ್ಲ, ಬೆಕ್ಕು ಒಂದನ್ನು ಬಿಟ್ಟು.

ಇನ್ನೊಂದು ಮಾತು ನನಗೆ ದೊಡ್ಡದಾಗಿ ಕಂಡಿದ್ದು. ದೇವರನ್ನು ಪ್ರೀತಿಸು, ನೆರೆಯವನನ್ನು ಪ್ರೀತಿಸು ಅನ್ನುವ ಬೈಬಲ್, ತಂದೆತಾಯಿಯ ಬಗ್ಗೆ ಹೇಳುವಾಗ ಆ ಪದವನ್ನು ಆಜ್ಞೆಯಲ್ಲಿ ಬಳಸಿಲ್ಲ. ಎಲ್ಲರ ಅಪ್ಪಂದಿರೂ ಒಳ್ಳೆಯವರಲ್ಲ. ಕುಡಿದು ಹೊಡೆದವರಿದ್ದಾರೆ, ಆಸ್ತಿ ಹಾಳು ಮಾಡಿದವರಿದ್ದಾರೆ. ಅಂಥವರ ಮಕ್ಕಳು ‘ನನಗೆ ಪ್ರೀತಿ ಬರುತ್ತಾ ಇಲ್ಲ, ನಾನು ಪಾಪಿಯಾ’ ಅಂತ ಕೊರಗುವುದನ್ನು ನೋಡಿದ್ದೇನೆ. ಪ್ರೀತಿ ಬರಲಿಲ್ಲ ಅಂದರೂ ಗಂಜಿ ಕೊಡಬಹುದು, ಔಷಧಿ ತಂದಿಡಬಹುದು. ಆಜ್ಞೆ ಅಷ್ಟನ್ನು ಕೇಳುತ್ತದೆ. ಹೊಡೆತ ತಿನ್ನುತ್ತಾ ಇರು ಅಂತ ಅದು ಎಲ್ಲೂ ಹೇಳಿಲ್ಲ.

ತಲೆ ನರೆತವರ ಮುಂದೆ ಎದ್ದು ನಿಲ್ಲು, ನಿನ್ನ ದೇವರಿಗೆ ಭಯಪಡು ಅನ್ನುವ ಮಾತು ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿದೆ. ಎದ್ದು ನಿಲ್ಲುವುದಕ್ಕೂ ದೇವರ ಭಯಕ್ಕೂ ಏನು ಸಂಬಂಧ? ಅದೇ ಅಧ್ಯಾಯದಲ್ಲಿ ಸ್ವಲ್ಪ ಮೇಲೆ ನೋಡಿದರೆ ಗೊತ್ತಾಗುತ್ತದೆ. ಕಿವುಡನನ್ನು ಶಪಿಸಬೇಡ, ಕುರುಡನ ದಾರಿಗೆ ಕಲ್ಲು ಅಡ್ಡ ಇಡಬೇಡ, ನಿನ್ನ ದೇವರಿಗೆ ಭಯಪಡು. ಅಲ್ಲೂ ಅದೇ ಬಾಲ. ಕಿವುಡನಿಗೆ ಬೈದರೆ ಅವನಿಗೆ ಕೇಳುವುದಿಲ್ಲ, ಕುರುಡನಿಗೆ ಕಲ್ಲಿಟ್ಟವರು ಯಾರು ಅಂತ ಕಾಣುವುದಿಲ್ಲ. ಮುದುಕರನ್ನು ಕಂಡೂ ಕಾಣದ ಹಾಗೆ ಕೂತರೆ ಅವರು ಏನೂ ಮಾಡಲಾರರು. ಸಿಕ್ಕಿಬೀಳುವ ಹೆದರಿಕೆಯೇ ಇಲ್ಲದ ಕಡೆ, ನೋಡುವವನು ಒಬ್ಬ ಇದ್ದಾನೆ ಅಂತ ನೆನಪಿಸಲು ಆ ಸಾಲನ್ನು ಸೇರಿಸಿದ್ದಾರೆ ಅಂತ ಯೆಹೂದ್ಯ ವ್ಯಾಖ್ಯಾನಕಾರರು ಹೇಳುತ್ತಾರೆ. ಇನ್ನೊಂದು ಸ್ವಾರಸ್ಯ ಏನೆಂದರೆ, ಕಿವುಡನನ್ನು ಶಪಿಸಬೇಡ ಅನ್ನುವಲ್ಲಿ ಇರುವುದೂ ‘ಕಲಲ್’. ಕೇಳಿಸದವನ ಎದುರು ಅವನ ಬಗ್ಗೆ ಹಗುರವಾಗಿ ಆಡಬೇಡ.

ಇದು ನನಗೆ ಚುಚ್ಚಿತು. ಎರಡು ವರ್ಷದ ಹಿಂದೆ ಅಮ್ಮನನ್ನು ಒಂದು ಬ್ಯಾಂಕಿಗೆ ಕರೆದುಕೊಂಡು ಹೋಗಿದ್ದೆ. ಬೆರಳಚ್ಚು ತೆಗೆದುಕೊಳ್ಳುವ ಮೆಷಿನ್ನು ಅಮ್ಮನ ಹೆಬ್ಬೆರಳನ್ನು ಒಪ್ಪಲೇ ಇಲ್ಲ. ಐವತ್ತು ವರ್ಷ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದ ಕೈ ಅದು. ಗೆರೆ ಎಲ್ಲಿ ಉಳಿದಿರುತ್ತದೆ? ಒದ್ದೆ ಬಟ್ಟೆಯಲ್ಲಿ ಒರೆಸಿ, ಹತ್ತೂ ಬೆರಳು ಒತ್ತಿಸಿ ನೋಡಿದ್ದಾಯಿತು. ಕೌಂಟರಿನ ಹುಡುಗ ಕೆಟ್ಟವನಲ್ಲ, ತಾಳ್ಮೆಯಿಂದಲೇ ಇದ್ದ. ಆದರೆ ಒಂದು ಮಾತನ್ನೂ ಅಮ್ಮನ ಹತ್ತಿರ ಆಡಲಿಲ್ಲ. ‘ಅವರಿಗೆ ಕಣ್ಣು ಕಾಣುತ್ತಾ?’ ‘ಅವರಿಗೆ ಸೈನ್ ಮಾಡಕ್ಕೆ ಬರುತ್ತಾ?’ ಎಲ್ಲ ನನ್ನನ್ನೇ ಕೇಳಿದ. ನಾನೂ ಟಕಟಕ ಅಂತ ಉತ್ತರ ಕೊಟ್ಟೆ. ಹೊರಗೆ ಬಂದು ಮೆಟ್ಟಿಲು ಇಳಿಯುವಾಗ ಅಮ್ಮ ಅಂದಳು, ‘ನಾನೂ ಅಲ್ಲೇ ಇದ್ನಲ್ಲ ಮಾರಾಯ.’

ಅಮ್ಮನನ್ನು ಹೀಗೆ ಏಕವಚನದಲ್ಲಿ ಬರೆಯುತ್ತಿದ್ದೇನೆ ಅಂತ ಯಾರಾದರೂ ಬೇಜಾರು ಮಾಡಿಕೊಳ್ಳಬೇಡಿ. ನಮ್ಮಲ್ಲಿ ಅಮ್ಮನನ್ನು ಬಹುವಚನದಲ್ಲಿ ಕರೆಯುವವರೂ ಇದ್ದಾರೆ, ಅವರನ್ನೂ ಇವರನ್ನೂ ನಾನು ತಪ್ಪು ಅನ್ನುವುದಿಲ್ಲ. ವ್ಯಾಕರಣಕ್ಕೂ ತೂಕಕ್ಕೂ ದೂರ. ‘ನೀವು ಸುಮ್ನೆ ಕೂತ್ಕೊಳ್ಳಿ, ನಿಮಗೇನು ಗೊತ್ತಾಗುತ್ತೆ’ ಅನ್ನುವುದರಲ್ಲೂ ಬಹುವಚನವೇ ಇದೆ, ಅಲ್ವಾ?

ಈಗ ವಯಸ್ಸಾಗುವುದರ ಬಗ್ಗೆ. ಬೈಬಲ್ ಇದನ್ನು ಸಕ್ಕರೆ ಹಚ್ಚಿ ಹೇಳುವುದಿಲ್ಲ. ಪ್ರಸಂಗಿ ಪುಸ್ತಕದ 12ನೆಯ ಅಧ್ಯಾಯದಲ್ಲಿ ಮುಪ್ಪನ್ನು ಒಂದು ಹಳೆಯ ಮನೆಯ ಹಾಗೆ ವರ್ಣಿಸಿದೆ. ಒಂದು ಒಗಟಿನ ಹಾಗಿದೆ ಅದು. ಮನೆ ಕಾಯುವವರು ನಡುಗುತ್ತಾರೆ, ಅಂದರೆ ಕೈಗಳು. ಗಟ್ಟಿಮುಟ್ಟು ಗಂಡಸರು ಬಗ್ಗುತ್ತಾರೆ, ಅಂದರೆ ಕಾಲುಗಳು. ಬೀಸುವವರು ಕಡಿಮೆಯಾಗಿ ಕೆಲಸ ನಿಲ್ಲಿಸುತ್ತಾರೆ. ಅದು ಹಲ್ಲು. ಓದುವಾಗ ನನಗೆ ಕುಟ್ಟಾಣಿಯ ಸದ್ದೇ ಕೇಳಿಸಿತು. ಕಿಟಕಿಯಲ್ಲಿ ನೋಡುವವರಿಗೆ ಮಬ್ಬು, ಅಂದರೆ ಕಣ್ಣು. ಬೀದಿಯ ಕಡೆಯ ಬಾಗಿಲು ಮುಚ್ಚಿಕೊಳ್ಳುತ್ತದೆ, ಅಂದರೆ ಕಿವಿ. ಆದರೂ ಹಕ್ಕಿಯ ದನಿಗೆ ಎಚ್ಚರವಾಗಿಬಿಡುತ್ತದೆ. ಕಿವಿ ಕೇಳದವರಿಗೆ ಹಕ್ಕಿ ಕೂಗಿದರೆ ಎಚ್ಚರ ಹೇಗೆ ಅನ್ನಬೇಡಿ. ರಾತ್ರಿ ಮೂರಕ್ಕೇ ಎದ್ದು ಬಚ್ಚಲು ಒಲೆಗೆ ಬೆಂಕಿ ಹಾಕಲು ಹೊರಡುವ ಮುದುಕಿಯರು ನಿಮ್ಮ ಮನೆಯಲ್ಲಿದ್ದರೆ ಅರ್ಥವಾಗುತ್ತದೆ.

ಎತ್ತರಕ್ಕೆ ಹೆದರುತ್ತಾರೆ, ದಾರಿಯಲ್ಲಿ ಅಂಜುತ್ತಾರೆ ಅಂತಲೂ ಇದೆ. ನಮ್ಮ ಮನೆಯ ದಾರಿಯಲ್ಲಿ ಹಳ್ಳಕ್ಕೆ ಒಂದು ಸಂಕ ಇದೆ. ಮೂರು ಅಡಿಕೆ ಮರದ ದಬ್ಬೆ, ಒಂದು ಪಕ್ಕ ಹಿಡಿಯಲು ಬಿದಿರು. ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ಅದರ ಮೇಲೆ ಓಡಾಡಿದವಳು ಅಮ್ಮ. ಈಗ ಆ ತುದಿಯಲ್ಲೇ ನಿಂತುಬಿಡುತ್ತಾಳೆ. ಮಳೆಗಾಲದಲ್ಲಿ ಚರ್ಚಿಗೆ ಹೋಗುವುದು ನಿಂತದ್ದು ಮೊಣಕಾಲು ನೋವಿನಿಂದ ಅಂತ ನಾವು ಅಂದುಕೊಂಡಿದ್ದೆವು. ಕಾರಣ ಸಂಕ.

ಅದೇ ಅಧ್ಯಾಯದಲ್ಲಿ ಬಾದಾಮಿ ಮರ ಹೂ ಬಿಡುತ್ತದೆ ಅಂತ ಒಂದು ಸಾಲು ಬರುತ್ತದೆ. ನಮ್ಮ ಕಡೆ ಅಗಲ ಎಲೆಯ ಕಾಡುಬಾದಾಮಿ ನೋಡಿದವರಿಗೆ ಇದು ತಲೆಗೆ ಹೋಗುವುದಿಲ್ಲ. ಅದು ಬೇರೆ ಮರ. ಆ ದೇಶದ ಬಾದಾಮಿ, ಎಲೆ ಬರುವ ಮೊದಲೇ ಮೈತುಂಬ ಬೆಳ್ಳಗೆ ಹೂ ಬಿಡುತ್ತದೆ. ನರೆತ ತಲೆ ಅಂತ ಅರ್ಥ. ನಮ್ಮಲ್ಲಿ ಬರೆದಿದ್ದರೆ ಮಳೆ ಬಿದ್ದ ಮೇಲಿನ ಕಾಫಿ ತೋಟ ಅನ್ನುತ್ತಿದ್ದರೇನೋ. ಆಮೇಲೆ ಹಸಿವು ಹುಟ್ಟಿಸುವ ಒಂದು ಕಾಯಿಯ ಹೆಸರು ಬರುತ್ತದೆ, ಅದೂ ಕೆಲಸ ಮಾಡುವುದಿಲ್ಲ ಅಂತ. ಇದನ್ನು ಮಲೆನಾಡಿಗರಿಗೆ ಹೇಳುವುದು ಸುಲಭ. ಬಾಳೆಲೆಯ ತುದಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಬಡಿಸಿದರೂ ಊಟ ಸೇರದ ವಯಸ್ಸು.

ಇಷ್ಟು ನೇರವಾಗಿ ಮುಪ್ಪನ್ನು ನೋಡಿದವರು, ವಯಸ್ಸಾದ ಮಾತ್ರಕ್ಕೆ ಎಲ್ಲರೂ ಜ್ಞಾನಿಗಳು ಅಂತಲೂ ಹೇಳುವುದಿಲ್ಲ. ನರೆಗೂದಲು ಸುಂದರ ಕಿರೀಟ ಅನ್ನುವ ಜ್ಞಾನೋಕ್ತಿ ಇದೆ, ಅದನ್ನು ಎಲ್ಲ ಹಿರಿಯರ ಕಾರ್ಯಕ್ರಮದಲ್ಲೂ ಓದುತ್ತಾರೆ. ಅದರ ಉಳಿದರ್ಧ, ಅದು ಧರ್ಮದ ದಾರಿಯಲ್ಲಿ ನಡೆದವರಿಗೆ ಸಿಗುವುದು ಅಂತ. ಪ್ರಸಂಗಿಯಂತೂ ಬುದ್ಧಿಮಾತು ಕೇಳದ ಮುದಿ ಅರಸನಿಗಿಂತ ಬಡವನಾದರೂ ಜಾಣನಾದ ಹುಡುಗನೇ ಮೇಲು ಅಂದುಬಿಡುತ್ತದೆ. ಜ್ಞಾನಿ ಅಂತ ಹೆಸರಾದ ಅರಸ ಸೊಲೊಮೋನ ದಾರಿ ತಪ್ಪಿದ್ದು ಮುದಿ ವಯಸ್ಸಿನಲ್ಲಿ. ಹಾಗಾಗಿ ಹಿರಿಯರಿಗೆ ತೂಕ ಕೊಡುವುದು ಅಂದರೆ ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು ಅಂತ ನಾನು ನಂಬುವುದಿಲ್ಲ. ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿಸುವ ವಿಷಯದಲ್ಲಿ ಅಪ್ಪನ ಜೊತೆ ಮೂರು ವರ್ಷ ವಾದ ಮಾಡಿದ್ದೇನೆ. ವಾದ ಮಾಡುವುದೂ ಎದುರಿನವರಿಗೆ ತೂಕ ಇದೆ ಅಂತ ಒಪ್ಪಿಕೊಂಡ ಹಾಗೇ. ಹಗುರವಾಗಿ ಕಂಡವರ ಜೊತೆ ಯಾರು ವಾದ ಮಾಡುತ್ತಾರೆ?

ಕಥೆ ಕೇಳುವುದು ಇನ್ನೂ ಕಷ್ಟ. ಅಮ್ಮನ ತವರು ಹೊಸನಗರದ ಕಡೆ. ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಮುಗಿಯಿತು, ಅವರ ಮನೆ ಮುಳುಗಡೆಯಾಯಿತು. ಮನೆಯ ಹೆಂಚು ಒಂದೊಂದಾಗಿ ಇಳಿಸಿ ಗಾಡಿಗೆ ಹೇರಿದ್ದು, ಕೊಟ್ಟಿಗೆಯ ನಾಯಿ ಗಾಡಿಯ ಹಿಂದೆ ಬರದೆ ಅಲ್ಲೇ ಕೂತದ್ದು, ಇದನ್ನು ನಾನು ಇನ್ನೂರು ಸಲ ಕೇಳಿದ್ದೇನೆ. ಧರ್ಮೋಪದೇಶಕಾಂಡದಲ್ಲಿ ಮೋಶೆ ಹೇಳುತ್ತಾನೆ: ಹಳೆಯ ದಿನಗಳನ್ನು ನೆನಪು ಮಾಡಿಕೊಳ್ಳಿ, ಅಪ್ಪನನ್ನು ಕೇಳು, ಹಿರಿಯರನ್ನು ಕೇಳು, ಅವರು ಹೇಳುತ್ತಾರೆ. ಎಷ್ಟು ಸಲ ಅಂತ ಹೇಳಿಲ್ಲ. ಬೇಸಿಗೆಯಲ್ಲಿ ಶರಾವತಿ ಹಿನ್ನೀರು ಇಳಿದಾಗ ಹಳೆಯ ಮಡೇನೂರು ಅಣೆಕಟ್ಟೆ ಮೇಲೆ ಕಾಣುತ್ತದೆ. ಪೇಪರಿನಲ್ಲಿ ಅದರ ಫೋಟೊ ಬಂದ ದಿನ ಅಮ್ಮ ನಾಯಿಯ ಕಥೆಗೆ ಒಂದು ಹೊಸ ಸಾಲು ಸೇರಿಸಿದಳು. ಅವಳ ಅಪ್ಪ ಮಾರನೆಯ ದಿನ ನಡೆದುಕೊಂಡು ಹೋಗಿ ನಾಯಿಯನ್ನು ಹೆಗಲ ಮೇಲೆ ಹಾಕಿಕೊಂಡು ಬಂದರಂತೆ. ಅರವತ್ತು ವರ್ಷ ಅದನ್ನು ಎಲ್ಲಿ ಇಟ್ಟುಕೊಂಡಿದ್ದಳೋ.

ಇನ್ನು ಯೇಸುವಿನ ಮಾತಿಗೆ ಬರೋಣ. ಅವರು ಈ ಆಜ್ಞೆಯ ಬಗ್ಗೆ ತುಂಬ ಸಿಟ್ಟಿನಿಂದ ಮಾತಾಡಿದ ಒಂದು ಜಾಗ ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿದೆ. ಆ ಕಾಲದಲ್ಲಿ ‘ಕೊರ್ಬಾನ್’ ಅಂತ ಒಂದು ಹರಕೆ ಇತ್ತು. ಕೊರ್ಬಾನ್ ಅಂದರೆ ದೇವರಿಗೆ ಮುಡಿಪು. ಒಬ್ಬ ತನ್ನ ದುಡ್ಡನ್ನೋ ಆಸ್ತಿಯನ್ನೋ ತೋರಿಸಿ ಅಪ್ಪ ಅಮ್ಮನಿಗೆ ‘ಇದರಿಂದ ನಿಮಗೆ ಆಗಬೇಕಾದ ಸಹಾಯ ಕೊರ್ಬಾನ್’ ಅಂದರೆ ಮುಗೀತು, ಅದನ್ನು ಅವರಿಗೆ ಕೊಡುವ ಹಾಗಿಲ್ಲ. ಕೊಡಬೇಡ ಅಂತ ಧರ್ಮಪಂಡಿತರೇ ಹೇಳುತ್ತಿದ್ದರು, ಹರಕೆ ದೊಡ್ಡದು ನೋಡಿ. ನಿಮ್ಮ ಸಂಪ್ರದಾಯ ಉಳಿಸಿಕೊಳ್ಳಲು ದೇವರ ಆಜ್ಞೆಯನ್ನೇ ತಳ್ಳಿಹಾಕಿದ್ದೀರಿ ಅಂತ ಯೇಸು ಅವರನ್ನು ತರಾಟೆಗೆ ತೆಗೆದುಕೊಂಡರು.

ಎರಡು ಸಾವಿರ ವರ್ಷದ ಹಿಂದಿನ ವಿಷಯ ಅನ್ನುವ ಹಾಗಿಲ್ಲ. ಚರ್ಚಿನ ಫ್ಯಾನಿನ ರೆಕ್ಕೆಯ ಮೇಲೆ ಕೊಟ್ಟವರ ಹೆಸರು ಬರೆಸಿರುತ್ತದೆ. ಬೆಂಚಿನ ಮೇಲೆ ಇರುತ್ತದೆ. ಬೇರೆ ಧರ್ಮದ ಗೆಳೆಯರು ತಮ್ಮಲ್ಲೂ ಟ್ಯೂಬ್‌ಲೈಟಿನ ಪಟ್ಟಿಯ ಮೇಲೆ ಇರುತ್ತದೆ ಅಂತ ನಗುತ್ತಾರೆ. ಕೊಡುವುದು ತಪ್ಪಲ್ಲ. ಆದರೆ ಅಮ್ಮನ ಕನ್ನಡಕದ ಒಂದು ಕಾಲು ಮುರಿದು ದಾರ ಕಟ್ಟಿಕೊಂಡು ಆರು ತಿಂಗಳಾಗಿದ್ದು, ಮಗ ಹಬ್ಬಕ್ಕೆ ಬಂದು ಗುಡಿಗೋ ಚರ್ಚಿಗೋ ಫ್ಯಾನು ಕೊಟ್ಟು ಹೋದರೆ ಅದು ಕೊರ್ಬಾನೇ. ನಾವು ‘ಟೈಮ್ ಇಲ್ಲ’ ಅನ್ನುತ್ತೇವಲ್ಲ, ಅದೂ ಒಂದು ನಮೂನೆ ಕೊರ್ಬಾನ್. ಸಭೆ, ಪ್ರಾರ್ಥನಾಕೂಟ, ಸಂಘದ ಮೀಟಿಂಗು, ಎಲ್ಲ ಒಳ್ಳೆಯ ಕೆಲಸವೇ. ಅಮ್ಮನ ಪಾಲಿನ ಗಂಟೆಯನ್ನು ಅಲ್ಲಿಗೆ ಮುಡಿಪು ಮಾಡಿರುತ್ತೇವೆ. ಹೀಗೆ ಮಾತಾಡಿದ ಯೇಸು ಶಿಲುಬೆಯ ಮೇಲೆ ಉಸಿರಾಡಲು ಕಷ್ಟಪಡುತ್ತಿದ್ದಾಗಲೂ ತಾಯಿಯನ್ನು ಶಿಷ್ಯನೊಬ್ಬನ ಮನೆಗೆ ಒಪ್ಪಿಸಿದರು ಅಂತ ಯೊವಾನ್ನನ ಸುವಾರ್ತೆ ಹೇಳುತ್ತದೆ. ಊಟ, ಬಟ್ಟೆ, ಕೈ ಹಿಡಿಯುವವರು. ಅದೇ ಹಳೆಯ ಲೆಕ್ಕ.

ಮೊದಲ ಕ್ರೈಸ್ತರಿಗೂ ಇದು ಬರೀ ಉಪದೇಶವಾಗಿ ಉಳಿಯಲಿಲ್ಲ. ಜೆರುಸಲೇಮಿನ ಸಭೆಯಲ್ಲಿ ಎದ್ದ ಮೊದಮೊದಲ ಜಗಳವೇ ಊಟದ್ದು. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಅನ್ಯಾಯ ಆಗುತ್ತಿದೆ ಅಂತ ದೂರು ಬಂತು. ಅದನ್ನು ಸರಿಮಾಡಲು ಏಳು ಜನರನ್ನು ನೇಮಿಸಿದರು. ಮುಂದೆ ಪೌಲರ ಜೊತೆಗಾರ ತಿಮೊಥೆಯನಿಗೆ ಬರೆದ ಪತ್ರದಲ್ಲಿ ಸಭೆ ನೋಡಿಕೊಳ್ಳಬೇಕಾದ ವಿಧವೆಯರ ಪಟ್ಟಿಯ ಮಾತು ಬರುತ್ತದೆ. ಅರವತ್ತು ತುಂಬಿರಬೇಕು ಅಂತ ನಿಯಮ. ಆದರೆ ಮಕ್ಕಳು ಮೊಮ್ಮಕ್ಕಳು ಇದ್ದರೆ ಮೊದಲ ಜವಾಬ್ದಾರಿ ಅವರದ್ದು, ಸಭೆಯ ಮೇಲೆ ಹೊರಿಸಬೇಡಿ. ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬಿಕೆ ಇಲ್ಲದವನಿಗಿಂತ ಕಡೆ ಅಂತ ಅಲ್ಲಿ ಖಡಕ್ಕಾಗಿ ಹೇಳಿದೆ.

ಹಾಗಾದರೆ ವೃದ್ಧಾಶ್ರಮಕ್ಕೆ ಸೇರಿಸುವುದು ಪಾಪವಾ? ನಮ್ಮ ಕಡೆ ಇದನ್ನು ಪಿಸುಮಾತಿನಲ್ಲಿ ಕೇಳುತ್ತಾರೆ. ಮಕ್ಕಳು ಬೆಂಗಳೂರಿನಲ್ಲಿ, ಇಲ್ಲಿ ತೋಟದ ನಡುವೆ ಒಂಟಿ ಮನೆ, ಮಳೆಗೆ ಮೂರು ದಿನ ಕರೆಂಟಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. 1839ರಲ್ಲಿ ಫ್ರಾನ್ಸಿನಲ್ಲಿ ಜೀನ್ ಜುಗನ್ ಅನ್ನುವ ಬಡ ಹೆಂಗಸು ಕಣ್ಣು ಕಾಣದ ಒಬ್ಬ ಮುದುಕಿಯನ್ನು ಮನೆಗೆ ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು. ತಾನು ಅಟ್ಟದ ಮೇಲೆ ಮಲಗಿದಳು. ಬಡ ಮುದುಕರನ್ನು ನೋಡಿಕೊಳ್ಳುವ ಒಂದು ಕನ್ಯಾಸ್ತ್ರೀಯರ ಸಭೆ ಅಲ್ಲಿಂದ ಬೆಳೆಯಿತು, ಬೆಂಗಳೂರಿನಲ್ಲೂ ಅವರ ಮನೆ ಇದೆ. 2009ರಲ್ಲಿ ಆಕೆಯನ್ನು ಸಂತಳೆಂದು ಘೋಷಿಸಿದರು. ಅಂಥ ಮನೆಯಲ್ಲಿ ಇರುವುದು ಅವಮಾನ ಅಂತ ನನಗೆ ಅನ್ನಿಸುವುದಿಲ್ಲ. ಮಗನ ಮನೆಯ ಮೂಲೆ ರೂಮಿನಲ್ಲಿ ಮೂರು ಹೊತ್ತು ತಟ್ಟೆ ಒಳಗೆ ಹೋಗಿ ಹೊರಗೆ ಬಂದು, ಇಡೀ ದಿನ ಒಂದು ಮಾತಿಲ್ಲದೆ ಕಳೆಯುವುದನ್ನೂ ನೋಡಿದ್ದೇನೆ. ಜಾಗಕ್ಕಿಂತ, ನಿರ್ಧಾರ ಮಾಡುವಾಗ ಅವರನ್ನು ಕೇಳಿದ್ದರಾ ಅನ್ನುವುದು ದೊಡ್ಡದು.

ಕಾನೂನಿನ ಮಾತು ಚಿಕ್ಕದಾಗಿ ಹೇಳಿಬಿಡುತ್ತೇನೆ, ಯಾರಿಗಾದರೂ ಬೇಕಾಗಬಹುದು. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪಾಲನೆಗೆ 2007ರ ಕಾಯ್ದೆ ಇದೆ. ಎಸಿ, ಅಂದರೆ ಉಪವಿಭಾಗಾಧಿಕಾರಿಯ ಕಚೇರಿಯಲ್ಲಿ ಅರ್ಜಿ ಕೊಡಬೇಕು. ನಮ್ಮ ಜಿಲ್ಲೆಯಲ್ಲಿ ಶಿವಮೊಗ್ಗ, ಸಾಗರ ಎರಡು ಕಡೆ ಇದೆ. ವಕೀಲರು ಬೇಕಾಗಿಲ್ಲ. ತಿಂಗಳಿಗೆ ಹತ್ತು ಸಾವಿರ ರೂಪಾಯಿವರೆಗೆ ಜೀವನಾಂಶ ಕೊಡಿಸುವ ಅಧಿಕಾರ ಇದೆ. ಆಸ್ತಿಯನ್ನು ಮಕ್ಕಳಿಗೆ ದಾನಪತ್ರ ಮಾಡಿಕೊಡುವವರು ‘ನಮ್ಮನ್ನು ನೋಡಿಕೊಳ್ಳಬೇಕು’ ಅನ್ನುವ ಷರತ್ತನ್ನು ಪತ್ರದಲ್ಲೇ ಬರೆಸಿಕೊಳ್ಳಿ. ನೋಡಿಕೊಳ್ಳದಿದ್ದರೆ ಪತ್ರ ರದ್ದು ಮಾಡಿಸಲು ಆಗ ದಾರಿ ಇರುತ್ತದೆ. ಹಿರಿಯರ ಸಹಾಯವಾಣಿ 14567.

ಇಷ್ಟೂ ಕಿರಿಯರ ಪಾಲಿನ ಮಾತು. ವಯಸ್ಸಾಗುವವರೇ ಏನು ಮಾಡಬೇಕು? ಇದರ ಬಗ್ಗೆ ಬೈಬಲಿನಲ್ಲಿ ನನಗೆ ತುಂಬ ಇಷ್ಟವಾದವನು ಬರ್ಜಿಲ್ಲೈ ಅನ್ನುವ ಮುದುಕ. ದಾವೀದ ಅರಸ ಮಗನಿಗೆ ಹೆದರಿ ಓಡಿಹೋಗಿದ್ದಾಗ ಅನ್ನ ಹಾಕಿದವನು. ಗೆದ್ದು ಬಂದ ದಾವೀದ, ನನ್ನ ಜೊತೆ ಜೆರುಸಲೇಮಿಗೆ ಬಾ, ಅರಮನೆಯಲ್ಲಿ ನೋಡಿಕೊಳ್ಳುತ್ತೇನೆ ಅಂತ ಕರೆಯುತ್ತಾನೆ. ಬರ್ಜಿಲ್ಲೈ ಒಪ್ಪುವುದಿಲ್ಲ. ನನಗೆ ಎಂಬತ್ತು ವರ್ಷ, ತಿಂದದ್ದು ಕುಡಿದದ್ದು ರುಚಿ ಗೊತ್ತಾಗುತ್ತಾ? ಹಾಡುವವರ ದನಿ ಕೇಳುತ್ತಾ? ನಿನಗೆ ಯಾಕೆ ಹೊರೆ ಆಗಲಿ, ನನ್ನ ಊರಲ್ಲೇ ಅಪ್ಪ ಅಮ್ಮನ ಸಮಾಧಿಯ ಹತ್ತಿರ ಸಾಯುತ್ತೇನೆ, ಈ ಹುಡುಗನನ್ನು ಕರೆದುಕೊಂಡು ಹೋಗು ಅನ್ನುತ್ತಾನೆ. ದಾವೀದ ಒತ್ತಾಯ ಮಾಡಲಿಲ್ಲ. ಮುತ್ತಿಟ್ಟು ಕಳಿಸಿದ. ಬೆಂಗಳೂರಿನ ಫ್ಲ್ಯಾಟಿಗೆ ಬಾ ಅಂತ ನನ್ನ ತಮ್ಮ ಕರೆದಾಗಲೆಲ್ಲ ಅಮ್ಮ ಕೊಡುವ ಉತ್ತರ ಹೆಚ್ಚು ಕಡಿಮೆ ಇದೇ. ಅವಳು ಬರ್ಜಿಲ್ಲೈ ಹೆಸರು ಕೇಳಿಲ್ಲ.

ಬಿಟ್ಟುಕೊಡುವುದು ಯಾವಾಗ ಅನ್ನುವುದಕ್ಕೆ ಕಥೋಲಿಕ ಸಭೆ ತನಗೇ ವಯಸ್ಸು ಗೊತ್ತುಮಾಡಿಕೊಂಡಿದೆ. ಬಿಷಪರು ಎಪ್ಪತ್ತೈದಕ್ಕೆ ರಾಜೀನಾಮೆ ಪತ್ರ ಕೊಡಬೇಕು. ಎಂಬತ್ತು ದಾಟಿದ ಕಾರ್ಡಿನಲರು ಹೊಸ ಪೋಪರನ್ನು ಆರಿಸಲು ಓಟು ಹಾಕುವ ಹಾಗಿಲ್ಲ. ಹದಿನಾರನೆಯ ಬೆನೆಡಿಕ್ಟ್ ಪೋಪರು 2013ರಲ್ಲಿ ಎಂಬತ್ತೈದನೆಯ ವಯಸ್ಸಿನಲ್ಲಿ, ಇನ್ನು ಶಕ್ತಿ ಸಾಲದು ಅಂತ ಪದವಿ ಬಿಟ್ಟರು. ಅಡಿಕೆ ಮಂಡಿಯ ಲೆಕ್ಕ, ಬೀರುವಿನ ಬೀಗದ ಕೈ ಕೊನೆಯವರೆಗೂ ಸೊಂಟದಲ್ಲೇ ಇರಬೇಕು ಅನ್ನುವ ನಮ್ಮ ಯಜಮಾನರುಗಳಿಗೆ ಇದನ್ನು ಮೆಲ್ಲಗೆ ಹೇಳಬಹುದು. ಹೇಳುವ ಧೈರ್ಯ ನನಗಿಲ್ಲ.

ಜುಲೈ ತಿಂಗಳ ನಾಲ್ಕನೆಯ ಭಾನುವಾರ ಅಜ್ಜ ಅಜ್ಜಿಯರ ಮತ್ತು ಹಿರಿಯರ ದಿನ. ಪೋಪ್ ಫ್ರಾನ್ಸಿಸ್ 2021ರಲ್ಲಿ ಶುರು ಮಾಡಿದ್ದು. ಯೇಸುವಿನ ಅಜ್ಜ ಅಜ್ಜಿ ಅಂತ ನಂಬುವ ಜೋಕಿಮ್ ಮತ್ತು ಅನ್ನಮ್ಮನವರ ಹಬ್ಬ ಜುಲೈ 26ಕ್ಕೆ ಬರುವುದರಿಂದ ಅದರ ಹತ್ತಿರದ ಭಾನುವಾರ. ರೋಮಿನಲ್ಲಿ ಆಗ ಬಿಸಿಲು. ನಮ್ಮಲ್ಲಿ ಪುಷ್ಯ ಮಳೆ. ಹಿರಿಯರ ದಿನ ಹಿರಿಯರನ್ನು ಬಿಟ್ಟು ಉಳಿದವರೆಲ್ಲ ಚರ್ಚಿನಲ್ಲಿರುತ್ತಾರೆ. ಕಳೆದ ಸಲ ಗುರುಗಳು ಪೂಜೆ ಮುಗಿಸಿ, ಪ್ಯಾಂಟು ಮೊಣಕಾಲಿಗೆ ಮಡಚಿ, ಸಂಕ ದಾಟಿ ನಮ್ಮ ಮನೆಗೆ ಪರಮಪ್ರಸಾದ ತಂದರು.

ಅವರು ಬರುವ ಮೊದಲು ಅಮ್ಮನಿಗೆ ಸ್ವೆಟರ್ ಹಾಕಬೇಕಿತ್ತು. ನೀನು ಮುದುಕನಾದಾಗ ಕೈ ಚಾಚುವೆ, ಬೇರೊಬ್ಬ ನಿನಗೆ ಬಟ್ಟೆ ಕಟ್ಟಿ ನಿನಗಿಷ್ಟವಿಲ್ಲದ ಕಡೆ ಕರೆದುಕೊಂಡು ಹೋಗುತ್ತಾನೆ ಅಂತ ಯೇಸು ಶಿಷ್ಯ ಪೇತ್ರನಿಗೆ ಹೇಳುತ್ತಾರೆ. ಅಲ್ಲಿ ಅದು ಪೇತ್ರ ಸಾಯುವ ರೀತಿಯ ಸೂಚನೆ. ಆದರೆ ಮುದುಕರ ಕೈಯನ್ನು ತೋಳಿನೊಳಗೆ ತೂರಿಸಿದವರಿಗೆ ಆ ವಾಕ್ಯ ಬೇರೆ ಥರ ಕೇಳುತ್ತದೆ. ಬಲಗೈ ಸಲೀಸಾಗಿ ಹೋಯಿತು. ಎಡಗೈ ಭುಜದ ಮೇಲೆ ಏಳುವುದಿಲ್ಲ. ಎಡದ ತೋಳನ್ನೇ ಮೊದಲು ಹಾಕಬೇಕು ಅಂತ ಅಮ್ಮ ಎರಡು ಸಲ ಹೇಳಿದಳು, ನಾನು ಕೇಳಿಸಿಕೊಂಡಿರಲಿಲ್ಲ. ಬಿಚ್ಚಿ ಮತ್ತೆ ಮೊದಲಿಂದ ಹಾಕಿದೆ.

ಗುರುಗಳು ಹೋದ ಮೇಲೆ ಅಮ್ಮ ಕುಟ್ಟಾಣಿ ನನ್ನ ಕಡೆ ತಳ್ಳಿದಳು. ಈಗ ಮಣಿಕಟ್ಟು ನೋಯುತ್ತದೆ. ಎಲೆ, ಸುಣ್ಣ, ಅಡಿಕೆ ಹಾಕಿ ಕುಟ್ಟಿ ಕೊಟ್ಟೆ. ಬಾಯಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಮಳೆ ನೋಡಿ, ವಾಪಸ್ ಕೈಗೆ ಉಗಿದಳು.

‘ಸಣ್ಣ ಆಗಿಲ್ಲ. ಇನ್ನೊಂದ್ ಸಲ ಕುಟ್ಟು.’